ಮಳೆಗಾಲದಲ್ಲಿ ಮನೆಯಿಂದ ವಾಯ್ಸ್ ಓವರ್ ಮಾಡುವವರಿಗೆ

ಮಡಿಕೇರಿ ಕಡೆ ಮನೆಯಲ್ಲೇ ಕೂತು ದನಿ ಕೊಡುವವರಿಗೆ ಒಂದು ಮಾತು. ಜೂನ್ ಬಂತೆಂದರೆ ನಮಗೆ ಮಳೆ ಸದ್ದಿನದೇ ತಲೆನೋವು, ಅಲ್ವಾ? ಶೀಟಿನ ಮಾಡಿನ ಕೆಳಗೆ ಎಷ್ಟು ದುಬಾರಿ ಮೈಕ್ ಇಟ್ಟರೂ ಪ್ರಯೋಜನ ಇಲ್ಲ. ನಾನು ಮನೆ ನಡುವಿನ, ಕಿಟಕಿ ಇಲ್ಲದ ಸಣ್ಣ ಕೋಣೆ ಹಿಡಿದೆ. ಮೂರು ಕಡೆ ದಪ್ಪ ರಗ್ಗು ನೇತುಹಾಕಿದೆ. ಬಾಯಿಗೂ ಮೈಕಿಗೂ ಒಂದು ಗೇಣು ದೂರ, ಮೈಕ್ ಸ್ವಲ್ಪ ಓರೆ. 'ಪ', 'ಬ' ಹೇಳುವಾಗ ಗಾಳಿ ಬಡಿಯುವುದು ನಿಂತಿತು. ಮೊದಲು ಹತ್ತು ಸೆಕೆಂಡ್ ಸುಮ್ನೆ ಕೂತು ರೆಕಾರ್ಡ್ ಮಾಡಿ, ಹೆಡ್‌ಫೋನ್‌ನಲ್ಲಿ ಕೇಳಿ. ಆಡಿಯೋಬುಕ್‌ಗೆ ಹಿನ್ನೆಲೆ ಸದ್ದು ರೆಕಾರ್ಡಿಂಗ್ ಸಾಫ್ಟ್‌ವೇರ್‌ನ ಮೀಟರ್‌ನಲ್ಲಿ ಮೈನಸ್ 60 ಡೆಸಿಬಲ್‌ಗಿಂತ ಕೆಳಗಿರಲಿ.

ಕೆಲಸ ಕೇಳುವಾಗ ಕಳಿಸುವ ದನಿಯ ಮಾದರಿ, ಅಂದರೆ ಡೆಮೊ, ಒಂದು ನಿಮಿಷ ಸಾಕು. ನಮ್ಮ ಕಡೆಯ ಮಾತುಗಳಾದ ಕೊಡವ ತಕ್ಕ್, ಅರೆಭಾಷೆ ಬರುತ್ತಿದ್ದರೆ ಅದರ ತುಣುಕನ್ನೂ ಕಳಿಸಿ. ಅದು ಎಲ್ಲರಿಗೂ ಬರುವುದಿಲ್ಲ.

ಒಮ್ಮೆ ಒಂದು ಜಾಹೀರಾತಿಗೆ ಬರೀ ಬಾಯಿಮಾತಲ್ಲಿ ಒಪ್ಪಿಕೊಂಡೆ. ಏಳು ಸಲ ಮತ್ತೆ ಓದಿಸಿದರು, ದುಡ್ಡು ಮಾತ್ರ ಅಷ್ಟೇ. ತುಂಬಾ ಬೇಜಾರಾಯಿತು. ಈಗ ಎಷ್ಟು ಸಲ ತಿದ್ದುಪಡಿ, ಎಲ್ಲಿ ಎಷ್ಟು ತಿಂಗಳು ಬಳಸುತ್ತಾರೆ ಎಂಬುದನ್ನು ಮೇಲ್‌ನಲ್ಲೇ ಬರೆಸಿಕೊಳ್ಳುತ್ತೇನೆ. ನನ್ನ ದನಿಯನ್ನು ಎಐಗೆ ಕಲಿಸಲು ಬಳಸಬಾರದು ಅಂತಲೂ ಸೇರಿಸುತ್ತೇನೆ. ಅರ್ಧ ದುಡ್ಡು ಮುಂಗಡ.

ಇನ್ನೊಂದು, ಮಳೆ ಜಾಸ್ತಿಯಾದರೆ ಕರೆಂಟೂ ಇರಲ್ಲ, ನೆಟ್ಟೂ ಇರಲ್ಲ. ಕೊಟ್ಟ ದಿನಕ್ಕಿಂತ ಒಂದು ದಿನ ಮೊದಲೇ ಫೈಲ್ ಕಳಿಸಿಬಿಡಿ.