ಮೊದಲ ಆರು ತಿಂಗಳು ಬರೀ ಸೀಲು ನೋಡಿದೆ

ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತು ಅಂತ ಊರಿಗೆ ಫೋನ್ ಮಾಡಿದಾಗ ಅವ್ವ ಕೇಳಿದ ಮೊದಲ ಪ್ರಶ್ನೆ, "ಹೆಣಾ ಮುಟ್ಟಬೇಕೇನ?" ಇಲ್ಲ ಅಂದೆ. ಅದು ಪೂರ್ತಿ ನಿಜವಲ್ಲ ಅಂತ ಸೇರಿದ ಮೂರನೇ ದಿನವೇ ಗೊತ್ತಾಯಿತು. ಹೆಣ ಮುಟ್ಟುವುದಿಲ್ಲ, ಸರಿ. ಆದರೆ ಅದರ ತುಂಡುಗಳು ಬಾಟಲಿಗಳಲ್ಲಿ ನಮ್ಮ ಟೇಬಲ್ಲಿಗೆ ಬರುತ್ತವೆ.

ನಾನು ಹಾವೇರಿ ಜಿಲ್ಲೆಯವಳು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರದಲ್ಲಿ ಎಂಎಸ್ಸಿ ಮಾಡಿದೆ. ಫೊರೆನ್ಸಿಕ್ ಅನ್ನುವುದು ತಲೆಯಲ್ಲೇ ಇರಲಿಲ್ಲ. ಓದು ಮುಗಿದ ಮೇಲೆ ಬೆಂಗಳೂರಿನ ಹತ್ತಿರ ಒಂದು ಔಷಧ ಕಂಪನಿಯ ಗುಣಮಟ್ಟ ವಿಭಾಗದಲ್ಲಿ ಎರಡು ವರ್ಷ ಇದ್ದೆ. ದಿನವಿಡೀ ಮಾತ್ರೆ ಪುಡಿ ಮಾಡಿ, ಕರಗಿಸಿ, ಅದರಲ್ಲಿರುವ ಪದಾರ್ಥಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರಕ್ಕೆ ಹಾಕುವುದು. ಬೇಜಾರಿನ ಕೆಲಸ ಅನ್ನಿಸಿತ್ತು ಆಗ. ಈಗ ಹಿಂದೆ ತಿರುಗಿ ನೋಡಿದರೆ, ನನ್ನನ್ನು ಇಲ್ಲಿ ಉಳಿಸಿದ್ದು ಆ ಎರಡು ವರ್ಷವೇ. ಮಾಡಿದ್ದನ್ನು ಮಾಡಿದ ಕ್ಷಣದಲ್ಲೇ ಬರೆಯುವುದು, ತಪ್ಪಾದರೆ ವೈಟ್ನರ್ ಹಚ್ಚದೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕುವುದು, ಇದೆಲ್ಲ ಅಲ್ಲಿ ಕೈಗೆ ಹತ್ತಿತ್ತು.

ನೇಮಕಾತಿ ಪ್ರಕಟಣೆಯನ್ನು ರೂಮ್‌ಮೇಟ್ ತೋರಿಸಿದಳು. ಅರ್ಹತೆಯಲ್ಲಿ ರಸಾಯನಶಾಸ್ತ್ರ ಎಂಎಸ್ಸಿ ಅಂತ ಇತ್ತು. ಸುಮ್ನೆ ಹಾಕಿದೆ. ಪರೀಕ್ಷೆ ಬರೆದದ್ದಕ್ಕಿಂತ ಕಾದದ್ದೇ ಜಾಸ್ತಿ. ಪಟ್ಟಿ, ಆಕ್ಷೇಪಣೆ, ಮತ್ತೆ ಪಟ್ಟಿ, ದಾಖಲೆ ಪರಿಶೀಲನೆ. ಆದೇಶ ಕೈಗೆ ಬರುವ ಹೊತ್ತಿಗೆ ಅರ್ಜಿ ಹಾಕಿದ್ದೇ ಮರೆತಂತಾಗಿತ್ತು. ಈ ದಾರಿ ಹಿಡಿಯುವವರಿಗೆ ನನ್ನದೊಂದೇ ಮಾತು: ಕಾಯುವಾಗ ಕೈಯಲ್ಲಿರುವ ಕೆಲಸ ಬಿಡಬೇಡಿ.

ರಾಜ್ಯದ ಮುಖ್ಯ ಪ್ರಯೋಗಾಲಯ ಇರುವುದು ಬೆಂಗಳೂರಿನ ಮಡಿವಾಳದಲ್ಲಿ. ಮೈಸೂರು, ಮಂಗಳೂರು, ದಾವಣಗೆರೆ, ಬೆಳಗಾವಿ, ಕಲಬುರಗಿ ಇಂಥ ಕಡೆ ಪ್ರಾದೇಶಿಕ ಪ್ರಯೋಗಾಲಯಗಳಿವೆ. ನನ್ನನ್ನು ಹಾಕಿದ್ದು ಒಂದು ಪ್ರಾದೇಶಿಕ ಪ್ರಯೋಗಾಲಯಕ್ಕೆ. ವಿಭಾಗ: ವಿಷವಿಜ್ಞಾನ.

ಧಾರಾವಾಹಿ ನೋಡಿ ಬಂದ ಕಲ್ಪನೆಗಳೆಲ್ಲ ಮೊದಲ ವಾರದಲ್ಲೇ ಉದುರಿದವು. ಬೆರಳಚ್ಚು ನೋಡುವವರು ನಾವಲ್ಲ, ಅದಕ್ಕೆ ಪೊಲೀಸರ ಬೆರಳಚ್ಚು ಘಟಕವೇ ಬೇರೆ ಇದೆ. ಮರಣೋತ್ತರ ಪರೀಕ್ಷೆ ಮಾಡುವವರು ವೈದ್ಯರು. ಆರೋಪಿಯನ್ನು ನಾವು ನೋಡುವುದೇ ಇಲ್ಲ. ನಮಗೆ ಬರುವುದು ಮುದ್ದೆಮಾಲು, ಅಂದರೆ ಕೇಸಿಗೆ ಸಂಬಂಧಿಸಿದ ವಸ್ತುಗಳು, ಅದರ ಜೊತೆ ಒಂದು ಪತ್ರ, ಪತ್ರದಲ್ಲಿ ನಾಲ್ಕು ಪ್ರಶ್ನೆ.

ಕೋಟು ಹಾಕಿಕೊಂಡು ಯಂತ್ರದ ಮುಂದೆ ಕೂರುತ್ತೇನೆ ಅಂದುಕೊಂಡವಳನ್ನು ನಮ್ಮ ಮೇಡಂ ಸ್ವೀಕೃತಿ ಕೌಂಟರಿನಲ್ಲಿ ಕೂರಿಸಿದರು. ಆರು ತಿಂಗಳು. ಠಾಣೆಯಿಂದ ಕಾನ್‌ಸ್ಟೆಬಲ್ ಬರುತ್ತಾರೆ, ಪೆಟ್ಟಿಗೆ ಇಡುತ್ತಾರೆ. ನಾನು ಪತ್ರ ಓದಬೇಕು, ಬಾಟಲಿ ಎಣಿಸಬೇಕು, ಪ್ರತಿ ಬಾಟಲಿಯ ಅರಗಿನ ಮೇಲಿನ ಮುದ್ರೆಯನ್ನು ಪತ್ರದ ಜೊತೆ ಬಂದ ಮಾದರಿ ಸೀಲಿನ ಪಕ್ಕ ಹಿಡಿದು ನೋಡಬೇಕು. ಅಕ್ಷರ ಒಂದೇ ಇದೆಯಾ? ಅರಗು ಒಡೆದಿದೆಯಾ? ದಾರ ಸಡಿಲವಾಗಿದೆಯಾ? ಚೀಟಿಯ ಮೇಲಿನ ಹೆಸರು, ಯುಡಿಆರ್ (ಅಸಹಜ ಸಾವಿನ ವರದಿ) ನಂಬರ್, ಮರಣೋತ್ತರ ಪರೀಕ್ಷೆಯ ನಂಬರ್ ಪತ್ರಕ್ಕೆ ಹೊಂದುತ್ತವೆಯಾ? ಎಲ್ಲ ಸರಿ ಇದ್ದರೆ ಮಾತ್ರ ನಮ್ಮ ಎಫ್‌ಎಸ್‌ಎಲ್ ನಂಬರ್, ಅಂದರೆ ಪ್ರಯೋಗಾಲಯದ ನಂಬರ್, ಬೀಳುತ್ತದೆ.

ಎರಡನೇ ತಿಂಗಳಲ್ಲಿ ನಾನು ಎಡವಿದೆ. ಸಂಜೆ ಐದಾಗಿತ್ತು. ವಯಸ್ಸಾದ ಒಬ್ಬ ಹೆಡ್ ಕಾನ್‌ಸ್ಟೆಬಲ್, ಕೈಯಲ್ಲಿ ರಟ್ಟಿನ ಪೆಟ್ಟಿಗೆ. "ಎರಡು ಬಸ್ ಬದಲಿಸಿ ಬಂದೀನ್ರಿ ಮೇಡಂ, ಕೊನೇ ಬಸ್ ತಪ್ಪಿದ್ರ ಇಲ್ಲೇ ಮಲಗಬೇಕ್ರಿ" ಅಂದರು. ಪತ್ರದಲ್ಲಿ ನಾಲ್ಕು ಬಾಟಲಿ ಅಂತ ಇತ್ತು. ಪೆಟ್ಟಿಗೆಯಲ್ಲಿ ಮೇಲೆ ಕಂಡದ್ದನ್ನು ನೋಡಿ, ನಾಲ್ಕಿದೆ ಅಂತ ಸಹಿ ಹಾಕಿ ಕಳಿಸಿದೆ. ಮಾರನೇ ದಿನ ಬಿಚ್ಚಿದರೆ ಮೂರೇ. ನಾಲ್ಕನೆಯದು ಅಂತ ನಾನು ಅಂದುಕೊಂಡದ್ದು ಹತ್ತಿ ಸುತ್ತಿದ ಖಾಲಿ ಡಬ್ಬಿ.

ಕಡಿಮೆಯಾಗಿದ್ದು ಉಪ್ಪುನೀರಿನ ಬಾಟಲಿ. ಇದೇನು ಮಹಾ ಅನ್ನಿಸಬಹುದು. ವಿಸೆರಾವನ್ನು, ಅಂದರೆ ಜಠರ, ಯಕೃತ್ತು, ಮೂತ್ರಪಿಂಡದ ಭಾಗಗಳನ್ನು, ಅಂಗಗಳು ಕೆಡದಂತೆ ಇಡುವ ಫಾರ್ಮಲಿನ್‌ನಲ್ಲಿ ಹಾಕುವಂತಿಲ್ಲ. ಹಾಕಿದರೆ ಎಷ್ಟೋ ವಿಷಗಳನ್ನು ಆಮೇಲೆ ಹುಡುಕುವುದೇ ಕಷ್ಟ. ಅದಕ್ಕೆ ಅಡುಗೆ ಉಪ್ಪಿನ ಗಟ್ಟಿ ದ್ರಾವಣದಲ್ಲಿ ಇಡುತ್ತಾರೆ. ಜೊತೆಗೆ ಬರೀ ಆ ಉಪ್ಪುನೀರನ್ನೇ ಇನ್ನೊಂದು ಬಾಟಲಿಯಲ್ಲಿ ಕಳಿಸಬೇಕು. ಯಾಕೆ? ನಾಳೆ ವಕೀಲರು "ವಿಷ ನಿಮ್ಮ ಉಪ್ಪುನೀರಿನಲ್ಲೇ ಇತ್ತು" ಅಂದರೆ ತೋರಿಸಲಿಕ್ಕೆ. ಈಗ ಆ ಬಾಟಲಿ ಠಾಣೆಯಲ್ಲಿ ಉಳಿಯಿತೋ, ಆಸ್ಪತ್ರೆಯಲ್ಲಿ ಉಳಿಯಿತೋ, ನನ್ನ ಟೇಬಲ್ಲಿನಲ್ಲಿ ಕಳೆಯಿತೋ? ದಾಖಲೆ ಪ್ರಕಾರ ಕಳೆದದ್ದು ನಾನು. ನನ್ನ ಸಹಿ ಇತ್ತಲ್ಲ.

ಮೇಡಂ ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ನನ್ನ ಕೈಯಲ್ಲೇ ವಿವರಣೆ ಬರೆಸಿದರು, ಠಾಣೆಗೆ ಫೋನ್ ಮಾಡಿಸಿದರು. ಬಾಟಲಿ ಆಸ್ಪತ್ರೆಯಲ್ಲೇ ಉಳಿದಿತ್ತು ಅಂತ ಮೂರು ದಿನದ ಮೇಲೆ ಗೊತ್ತಾಯಿತು. ಅದೇ ಹೆಡ್ ಕಾನ್‌ಸ್ಟೆಬಲ್ ಮತ್ತೆ ಎರಡು ಬಸ್ ಬದಲಿಸಿ ತಂದರು. ಈ ಸಲ ನಾನು ಒಂದೊಂದೇ ಬಾಟಲಿ ಹೊರಗಿಟ್ಟು ಎಣಿಸುವುದನ್ನು ನೋಡಿ ಅವರೇ ನಕ್ಕರು.

ಆಮೇಲೆ ಒಳಗಿನ ಟೇಬಲ್ ಸಿಕ್ಕಿತು. ವಾಸನೆಯ ಬಗ್ಗೆ ಎಲ್ಲರೂ ಕೇಳುತ್ತಾರೆ. ಕೊಳೆತ ವಾಸನೆಗೆ ಮೂಗು ಎರಡು ವಾರದಲ್ಲಿ ಒಗ್ಗುತ್ತದೆ. ನನಗೆ ಒಗ್ಗದೇ ಹೋದದ್ದು ಬೇರೆ ವಾಸನೆ. ಮೊದಲ ಬಾಟಲಿಯ ಮುಚ್ಚಳ ತೆಗೆದಾಗ, ಆವಿ ಹೊರಗೆಳೆಯುವ ಹೊಗೆಗೂಡಿನ ಫ್ಯಾನು ಓಡುತ್ತಿದ್ದರೂ, ಅದು ಬಂತು. ನಮ್ಮ ಹೊಲದ ವಾಸನೆ. ಹತ್ತಿಗೆ ಅಪ್ಪ ಎಣ್ಣೆ ಹೊಡೆದು ಬಂದ ಸಂಜೆ ಅವರ ಅಂಗಿಗೆ ಬರುತ್ತಿದ್ದ ವಾಸನೆ. ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣೆ ಅಂತಲೇ ಅನ್ನುವುದು. ಆ ದಿನ ಮಧ್ಯಾಹ್ನ ಊಟ ಮಾಡಲಿಲ್ಲ.

ನನ್ನ ಟೇಬಲ್ಲಿಗೆ ಬಂದ ಕೇಸುಗಳಲ್ಲಿ ಕೀಟನಾಶಕದವೇ ಜಾಸ್ತಿ. ವಿಧಾನ ಹೀಗೆ. ಅಂಗಾಂಶವನ್ನು ಸಣ್ಣಗೆ ಹೆಚ್ಚಿ, ಹೆಕ್ಸೇನ್ ಅಥವಾ ಈಥರ್‌ನಂಥ ದ್ರಾವಕದಲ್ಲಿ ಅಲ್ಲಾಡಿಸಿದರೆ ವಿಷ ಆ ದ್ರಾವಕಕ್ಕೆ ಇಳಿಯುತ್ತದೆ. ನೀರಿನಂಶ ತೆಗೆದು, ದ್ರಾವಕವನ್ನು ಆರಿಸಿದರೆ ತಳದಲ್ಲಿ ಚೂರು ಉಳಿಯುತ್ತದೆ. ಅದನ್ನು ಸಿಲಿಕಾ ಬಳಿದ ಪ್ಲೇಟಿನ ಮೇಲೆ ಚುಕ್ಕೆ ಇಟ್ಟು, ಪಕ್ಕದಲ್ಲಿ ಗೊತ್ತಿರುವ ವಿಷದ ಚುಕ್ಕೆ ಇಟ್ಟು, ಪ್ಲೇಟಿನ ಬುಡವನ್ನು ದ್ರಾವಕದಲ್ಲಿ ನಿಲ್ಲಿಸುತ್ತೇವೆ. ಬತ್ತಿಗೆ ಎಣ್ಣೆ ಏರುವ ಹಾಗೆ ದ್ರಾವಕ ಮೇಲೇರುತ್ತದೆ, ಚುಕ್ಕೆಗಳನ್ನೂ ಎಳೆದುಕೊಂಡು ಹೋಗುತ್ತದೆ. ಕೊನೆಗೆ ಪಲ್ಲಾಡಿಯಂ ಕ್ಲೋರೈಡ್ ಸಿಂಪಡಿಸಿದರೆ ಕ್ಲೋರ್‌ಪೈರಿಫಾಸ್‌ನಂಥ ಗಂಧಕವಿರುವ ಕೀಟನಾಶಕಗಳು ಹಳದಿಯಾಗಿ ಎದ್ದು ಕಾಣುತ್ತವೆ. ಎರಡೂ ಚುಕ್ಕೆ ಒಂದೇ ಎತ್ತರದಲ್ಲಿ, ಒಂದೇ ಬಣ್ಣದಲ್ಲಿ ನಿಂತರೆ ಅನುಮಾನ ಗಟ್ಟಿಯಾಯಿತು ಅಂತ. ಖಾತ್ರಿಗೆ, ಪದಾರ್ಥ ಯಾವುದೆಂದು ಗುರುತಿಸುವ ಜಿಸಿ-ಎಂಎಸ್ ಯಂತ್ರಕ್ಕೆ ಕೊಡಬೇಕು.

ಮೊದಲ ಹಳದಿ ಚುಕ್ಕೆ ಕಂಡಾಗ ಖುಷಿಯಾಯಿತು. ಹೇಳಲು ನಾಚಿಕೆ, ಆದರೆ ಆಯಿತು. ಎರಡು ನಿಮಿಷದ ಮೇಲೆ ಪತ್ರದಲ್ಲಿದ್ದ ವಯಸ್ಸು ನೋಡಿದೆ. ನನ್ನ ತಮ್ಮನ ವಯಸ್ಸು. ಆಮೇಲಿಂದ ಒಂದು ರೂಢಿ ಮಾಡಿಕೊಂಡೆ: ಪರೀಕ್ಷೆ ಮುಗಿಯುವ ತನಕ ನಂಬರ್ ಮಾತ್ರ ನೋಡುವುದು, ಪತ್ರದ ಕಥೆ ಓದದೇ ಇರುವುದು. ಮನಸ್ಸಿಗೂ ಒಳ್ಳೆಯದು, ಫಲಿತಾಂಶಕ್ಕೂ ಒಳ್ಳೆಯದು. "ಗಂಡನ ಮೇಲೆ ಅನುಮಾನವಿದೆ" ಅಂತ ಓದಿ ಪ್ಲೇಟು ನೋಡಿದರೆ ಇಲ್ಲದ ಚುಕ್ಕೆಯೂ ಕಂಡೀತು.

ಪ್ಲೇಟಿಗಿಂತ ಕಷ್ಟ ವರದಿ. ನನ್ನ ಮೊದಲ ಕರಡಿನಲ್ಲಿ "ವಿಷ ಸೇವಿಸಿರುವುದರಿಂದ" ಅಂತ ಬರೆದಿದ್ದೆ. ಮೇಡಂ ಅದಕ್ಕೆ ಕೆಂಪು ಗೆರೆ ಎಳೆದರು. "ಸೇವಿಸಿದ್ದನ್ನ ನೀನು ನೋಡಿದ್ಯಾ? ಕುಡಿಸಿದ್ದರೆ?" ನಾವು ಬರೆಯುವುದು ಇಷ್ಟೇ: ಇಂಥ ಬಾಟಲಿಗಳಲ್ಲಿ ಇಂಥ ಪದಾರ್ಥ ಕಂಡುಬಂದಿದೆ, ಅಥವಾ ಕಂಡುಬಂದಿಲ್ಲ. ಸಾವಿಗೆ ಕಾರಣ ಹೇಳುವುದು ವೈದ್ಯರು. ಇನ್ನು "ಕಂಡುಬಂದಿಲ್ಲ" ಅಂದರೆ ವಿಷವೇ ಇರಲಿಲ್ಲ ಅಂತಲೂ ಅಲ್ಲ. ಆಸ್ಪತ್ರೆಯಲ್ಲಿ ಹೊಟ್ಟೆ ತೊಳೆದು ನಾಲ್ಕು ದಿನ ಚಿಕಿತ್ಸೆ ಕೊಟ್ಟಿದ್ದರೆ ನಮ್ಮ ಕೈಗೆ ಬರುವ ಹೊತ್ತಿಗೆ ಏನೂ ಉಳಿಯದೇ ಇರಬಹುದು. ಇದನ್ನು ತನಿಖಾಧಿಕಾರಿಗಳಿಗೆ ಫೋನಿನಲ್ಲಿ ಎಷ್ಟು ಸಲ ಹೇಳಿದ್ದೇನೋ.

ಎರಡನೇ ವರ್ಷ ಕೋರ್ಟಿನಿಂದ ಸಮನ್ಸ್ ಬಂತು. ಹಿಂದಿನ ಸಿಆರ್‌ಪಿಸಿಯ (ದಂಡ ಪ್ರಕ್ರಿಯಾ ಸಂಹಿತೆ) 293ನೇ ಕಲಂ ಪ್ರಕಾರ ಸರ್ಕಾರಿ ಪ್ರಯೋಗಾಲಯದ ಕೆಲವು ದರ್ಜೆಯ ಅಧಿಕಾರಿಗಳ ವರದಿಯನ್ನು ಅವರನ್ನು ಕರೆಯದೆಯೇ ಸಾಕ್ಷ್ಯವಾಗಿ ತೆಗೆದುಕೊಳ್ಳಬಹುದು. ಅದರ ಜಾಗಕ್ಕೆ ಬಂದ ಈಗಿನ ಬಿಎನ್‌ಎಸ್‌ಎಸ್‌ನಲ್ಲಿ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಅದು 329. ಆದರೆ ಬೇಕೆನಿಸಿದರೆ ಕೋರ್ಟು ಕರೆಯಬಹುದು, ಕರೆಯಿತು. ಹಿಂದಿನ ರಾತ್ರಿ ಜಿಸಿ-ಎಂಎಸ್ ಯಂತ್ರದ ಸಿದ್ಧಾಂತವನ್ನೆಲ್ಲ ಓದಿಕೊಂಡು ಹೋದೆ. ವಕೀಲರು ರಸಾಯನಶಾಸ್ತ್ರದ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಕೇಳಿದ್ದೆಲ್ಲ ಇಂಥವು: ಬಾಟಲಿ ನಿಮಗೆ ಬಂದ ದಿನ ಯಾವುದು? ಬಿಚ್ಚಿದ ದಿನ ಯಾವುದು? ನಡುವೆ ಎಲ್ಲಿತ್ತು? ಬೀಗದ ಕೈ ಯಾರ ಹತ್ತಿರ ಇತ್ತು? ಸೀಲಿನ ಮೇಲೆ ಏನು ಬರೆದಿತ್ತು?

ಎಲ್ಲಕ್ಕೂ ನನ್ನ ವರ್ಕ್‌ಶೀಟಿನಲ್ಲಿ ಉತ್ತರವಿತ್ತು. ಆರು ತಿಂಗಳು ಕೌಂಟರಿನಲ್ಲಿ ಕೂರಿಸಿದ್ದು ಯಾಕೆ ಅಂತ ಆ ಕಟಕಟೆಯಲ್ಲಿ ನಿಂತಾಗ ತಿಳಿಯಿತು.

ಏನು ಓದಬೇಕು ಅಂತ ಈಗಿನ ಮಕ್ಕಳು ಕೇಳುತ್ತಾರೆ. ನಮ್ಮ ಕಾಲಕ್ಕಿಂತ ದಾರಿಗಳು ಜಾಸ್ತಿ ಇವೆ. 2020ರ ಕಾಯ್ದೆಯಿಂದ ಗಾಂಧಿನಗರದಲ್ಲಿ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯ ಆಯಿತು, ಅದರ ಒಂದು ಕ್ಯಾಂಪಸ್ ಧಾರವಾಡಕ್ಕೂ ಬಂದಿದೆ. ಆದರೂ ನನ್ನನ್ನು ಕೇಳಿದರೆ, ಮೊದಲು ಒಂದು ಮೂಲ ವಿಷಯವನ್ನು ಗಟ್ಟಿಯಾಗಿ ಹಿಡಿಯಿರಿ ಅನ್ನುತ್ತೇನೆ. ವಿಷ, ಮಾದಕ ವಸ್ತು ಅಂದರೆ ರಸಾಯನಶಾಸ್ತ್ರ. ರಕ್ತ, ಡಿಎನ್‌ಎ ಅಂದರೆ ಜೀವವಿಜ್ಞಾನ. ಮೊಬೈಲು, ಕಂಪ್ಯೂಟರು ಬೇಕಾದರೆ ಅದರದೇ ಓದು. ನೇಮಕಾತಿಯಲ್ಲಿ ವಿಭಾಗವಾರು ಅರ್ಹತೆ ಕೇಳುತ್ತಾರೆ. ಫೊರೆನ್ಸಿಕ್ ಡಿಗ್ರಿ ಇದೆ, ಆದರೆ ಪಿಪೆಟ್ ಹಿಡಿಯಲು ಬರುವುದಿಲ್ಲ ಅನ್ನುವವರನ್ನು ನಾನೇ ನೋಡಿದ್ದೇನೆ. ಇದು ನನ್ನ ಅಭಿಪ್ರಾಯ, ಒಪ್ಪದ ಸಹೋದ್ಯೋಗಿಗಳೂ ಇದ್ದಾರೆ.

ಕೆಲಸ ಅಂತೂ ಕಡಿಮೆಯಾಗುವುದಿಲ್ಲ. 2024ರ ಜುಲೈ 1ರಂದು ಜಾರಿಗೆ ಬಂದ ಬಿಎನ್‌ಎಸ್‌ಎಸ್‌ನ 176(3) ಕಲಂ, 7 ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯ ಅಪರಾಧಗಳಲ್ಲಿ ತಜ್ಞರು ಸ್ಥಳಕ್ಕೆ ಹೋಗಿ ಸಾಕ್ಷ್ಯ ಸಂಗ್ರಹಿಸಬೇಕು ಅನ್ನುತ್ತದೆ. ಜಾರಿ ಮಾಡಲು ರಾಜ್ಯಗಳಿಗೆ 5 ವರ್ಷದ ಅವಕಾಶವಿದೆ. ನಮ್ಮಲ್ಲಿ ಸ್ಥಳಕ್ಕೆ ಹೋಗಲೆಂದೇ ಸೋಕೋ (ಸೀನ್ ಆಫ್ ಕ್ರೈಮ್) ಅಧಿಕಾರಿಗಳನ್ನು ತೆಗೆದುಕೊಂಡಿದ್ದಾರೆ. ಅವರು ಬಂದ ಮೇಲೆ ನನಗಾದ ದೊಡ್ಡ ಅನುಕೂಲವೆಂದರೆ, ಒದ್ದೆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಒಳಗೇ ಕೊಳೆಯುವಂತೆ ಕಳಿಸುವುದು ಕಡಿಮೆಯಾಗಿದೆ. ನೆರಳಲ್ಲಿ ಒಣಗಿಸಿ ಕಾಗದದಲ್ಲಿ ಸುತ್ತಿ ಕಳಿಸುತ್ತಾರೆ. ಪಕ್ಕದ ಜೀವವಿಜ್ಞಾನ ವಿಭಾಗದವರು ಪೂಜೆ ಮಾಡುವುದೊಂದು ಬಾಕಿ.

ಮೊದಲ ದೀಪಾವಳಿಗೆ ರಜೆ ಸಿಕ್ಕು ಊರಿಗೆ ಹೋದಾಗ ಅಜ್ಜಿ ಹೊಸ್ತಿಲು ದಾಟಲು ಬಿಡಲಿಲ್ಲ. "ಮೊದಲ ಜಳಕಾ ಮಾಡು" ಅಂದಳು. ಮಾಡಿದೆ. ಬಚ್ಚಲಿಂದ ಬರುವಾಗ ಅಡುಗೆಮನೆಯ ಬಾಗಿಲ ಪಕ್ಕದ ಗೂಡಿನಲ್ಲಿ ಕಣ್ಣು ನಿಂತಿತು. ಕೊಬ್ಬರಿ ಎಣ್ಣೆ, ಸೀಮೆಎಣ್ಣೆ, ಅದರ ಹಿಂದೆ ಅರ್ಧ ಖಾಲಿಯಾದ ಬಾಟಲಿ, ಲೇಬಲ್ಲಿನ ಮೇಲೆ ಕೆಂಪು ತ್ರಿಕೋನ. ಕೆಂಪು ಅಂದರೆ ಅತಿ ಹೆಚ್ಚು ವಿಷ. ನಾನು ಹುಟ್ಟಿದಾಗಿನಿಂದ ಅಲ್ಲಿ ಅಂಥದೊಂದು ಬಾಟಲಿ ಇದ್ದೇ ಇತ್ತು. ನೋಡಿರಲಿಲ್ಲ ಅಷ್ಟೇ.

ಹಬ್ಬದ ದಿನ ಜಗಳ ಬೇಡ ಅಂತ ಸುಮ್ಮನಿದ್ದೆ. ಮರುದಿನ ಹಾವೇರಿಗೆ ಹೋಗಿ ತಗಡಿನ ಪೆಟ್ಟಿಗೆ, ಬೀಗ ತಂದು, ಬಾಟಲಿಗಳನ್ನೆಲ್ಲ ಅದರಲ್ಲಿಟ್ಟು ಹೊಲದ ಶೆಡ್ಡಿಗೆ ಸಾಗಿಸಿದೆ. ಬೀಗದ ಕೈ ಅವ್ವನ ಸೊಂಟದ ಗೊಂಚಲು ಸೇರಿತು. ಎಣ್ಣೆ ಹೊಡೆಯಬೇಕಾದಾಗೆಲ್ಲ ಅಪ್ಪ ಅವ್ವನನ್ನು ಕೇಳಬೇಕು. ಅದಕ್ಕೆ ಅವರು ಇವತ್ತಿಗೂ ಗೊಣಗುತ್ತಾರೆ. ಅವ್ವ ಎಷ್ಟು ಬಾಟಲಿ ಹೊರಗೆ ಹೋಯಿತು, ಎಷ್ಟು ಒಳಗೆ ಬಂತು ಅಂತ ಎಣಿಸಿಯೇ ಬೀಗ ಹಾಕುತ್ತಾಳೆ.