ಯುಪಿಎಸ್ ಬ್ಯಾಟರಿ ಬದಲಿಸುವಾಗ ಮೊದಲು ನಡುವಿನ ಲಿಂಕ್ ಬಿಚ್ಚಿ

ಬ್ಯಾಂಕು, ಆಸ್ಪತ್ರೆ, ಕಚೇರಿಗಳ ಯುಪಿಎಸ್ ಕೋಣೆಗಳಲ್ಲಿ ಹನ್ನೆರಡು ವೋಲ್ಟಿನ 16 ಬ್ಯಾಟರಿಗಳನ್ನು ಲಿಂಕ್ ಎಂಬ ಲೋಹದ ಪಟ್ಟಿ ಅಥವಾ ತಂತಿಗಳಿಂದ ಸಾಲಾಗಿ ಜೋಡಿಸಿ 192 ವೋಲ್ಟ್ ಪಡೆಯುವುದು ಸಾಮಾನ್ಯ. ಗೋಡೆಯ ಸ್ವಿಚ್ ಆರಿಸಿದರೂ, ಮೇನ್ ತೆಗೆದರೂ ಈ ಸಾಲಿನ ಎರಡು ತುದಿಗಳ ನಡುವಿನ ವೋಲ್ಟೇಜ್ ಹಾಗೆಯೇ ಇರುತ್ತದೆ. ಬ್ಯಾಟರಿಯನ್ನು ಆಫ್ ಮಾಡಲಾಗದು ಎಂಬ ಮಾತನ್ನು ಕೆಲಸ ಮುಗಿಯುವವರೆಗೂ ನೆನಪಿನಲ್ಲಿಡಬೇಕು.

ಮನೆಯ ಎಸಿ ವಿದ್ಯುತ್ ಸೆಕೆಂಡಿಗೆ ನೂರು ಬಾರಿ ಸೊನ್ನೆಗೆ ಇಳಿಯುವುದರಿಂದ ಅದರ ಕಿಡಿಗೆ ಆರಲು ಅವಕಾಶವಿದೆ; ಬ್ಯಾಟರಿಯಿಂದ ಒಂದೇ ದಿಕ್ಕಿಗೆ ಹರಿಯುವ ಡಿಸಿಗೆ ಆ ಬಿಡುವಿಲ್ಲ. ಒಮ್ಮೆ ಹೊತ್ತಿದ ಆರ್ಕ್ (ಗಾಳಿಯ ಮೂಲಕವೇ ಹರಿಯುವ ವಿದ್ಯುತ್ತಿನ ಉರಿ), ಲೋಹವನ್ನು ಕರಗಿಸಿ ಚಿಮ್ಮಿಸುತ್ತಾ, ಅಂತರ ಹೆಚ್ಚಾಗುವವರೆಗೆ ಅಥವಾ ಫ್ಯೂಸ್ ಹೋಗುವವರೆಗೆ ಉರಿಯುತ್ತದೆ. ಎಸಿಗೆಂದು ಮಾಡಿದ ಎಂಸಿಬಿಯನ್ನು (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್ಚನ್ನು) ಇಲ್ಲಿ ಹಾಕಬಾರದೆನ್ನುವುದು ಇದಕ್ಕಾಗಿಯೇ. ಒಂಟಿ ಬ್ಯಾಟರಿಯನ್ನೂ ಹಗುರವಾಗಿ ಕಾಣಬೇಡಿ: ಒಳರೋಧ 5 ಮಿಲಿಓಮ್ ಎಂದುಕೊಂಡರೆ, ಎರಡು ಟರ್ಮಿನಲ್‌ಗಳ ಮೇಲೆ ಅಡ್ಡಬಿದ್ದ ಸ್ಪ್ಯಾನರಿನಲ್ಲಿ 2,400 ಆಂಪಿಯರ್ ಹರಿಯುತ್ತದೆ. ಹಾಗೆ ಬಿದ್ದ ಸ್ಪ್ಯಾನರೊಂದನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಅದರ ಬಾಯಿಯ ಒಂದು ಅಂಚು ಇಲಿ ಕಚ್ಚಿದಂತೆ ಕರಗಿಹೋಗಿತ್ತು.

ತರಬೇತಿ ಪಡೆದವರೂ ಒಬ್ಬರೇ ಇಳಿಯದೆ, ಜೊತೆಗೊಬ್ಬರನ್ನು ಇಟ್ಟುಕೊಂಡು ಆರಂಭಿಸಲಿ. ಮೊದಲು ಕಿಟಕಿ, ಫ್ಯಾನುಗಳಿಂದ ಗಾಳಿ ಆಡುವಂತೆ ಮಾಡಿ. ಚಾರ್ಜ್ ಆಗುವಾಗ ಹೊಮ್ಮುವ ಹೈಡ್ರೋಜನ್ ಗಾಳಿಯಲ್ಲಿ ನೂರಕ್ಕೆ ನಾಲ್ಕು ಪಾಲು ಸೇರಿದರೂ ಒಂದು ಕಿಡಿಗೆ ಸ್ಫೋಟಿಸಬಲ್ಲದು. ಉಂಗುರ, ವಾಚು, ಕೊರಳ ಸರ, ಜೇಬಿನ ಸ್ಕ್ರೂಡ್ರೈವರ್ ಎಲ್ಲವನ್ನೂ ಹೊರಗಿಡಿ. 1,000 ವೋಲ್ಟಿನವರೆಗಿನ ಕೆಲಸಕ್ಕೆಂದು ಪ್ರಮಾಣೀಕರಿಸಿದ, ಹಿಡಿಯಿಂದ ಬಾಯಿಯವರೆಗೆ ಹೊದಿಕೆಯಿರುವ ಉಪಕರಣಗಳನ್ನು ಬಳಸಿ. ಮುಖಕ್ಕೆ ಶೀಲ್ಡ್, ಕೈಗೆ ವಿದ್ಯುತ್ ಕೆಲಸದ ಗವಸು, ಕಾಲ ಕೆಳಗೆ ರಬ್ಬರ್ ಮ್ಯಾಟ್ ಇರಲಿ.

ಆಮೇಲೆ ಲೋಡನ್ನು, ಅಂದರೆ ಯುಪಿಎಸ್‌ನಿಂದ ನಡೆಯುವ ಉಪಕರಣಗಳನ್ನು, ಬೈಪಾಸ್‌ಗೆ (ನೇರವಾಗಿ ಮೇನ್ ವಿದ್ಯುತ್ತಿಗೆ) ಹಾಕಿ, ಚಾರ್ಜರ್ ನಿಲ್ಲಿಸಿ, ಬ್ಯಾಟರಿಯ ಡಿಸಿ ಬ್ರೇಕರ್ ಆಫ್ ಮಾಡಿ. ಕರೆಂಟ್ ಹರಿಯುತ್ತಿಲ್ಲವೆಂದು ತಂತಿಯ ಸುತ್ತ ಹಿಡಿದು ಕರೆಂಟ್ ಅಳೆಯುವ ಡಿಸಿ ಕ್ಲ್ಯಾಂಪ್ ಮೀಟರಿನಿಂದ ಖಚಿತಪಡಿಸಿಕೊಳ್ಳದೆ ಯಾವ ನಟ್ಟನ್ನೂ ಮುಟ್ಟಬೇಡಿ, ಏಕೆಂದರೆ ಹರಿಯುವ ಡಿಸಿಯನ್ನು ಕೈಯಿಂದ ಬಿಡಿಸುವುದೆಂದರೆ ಆರ್ಕನ್ನು ಕೈಯಾರೆ ಎಳೆದಂತೆಯೇ.

ಈಗ ಎಂಟನೆಯ ಮತ್ತು ಒಂಬತ್ತನೆಯ ಬ್ಯಾಟರಿಗಳ ನಡುವಿನ ಲಿಂಕ್ ಬಿಚ್ಚಿ. ಸಾಲು 96 ವೋಲ್ಟಿನ ಎರಡು ತುಂಡಾಗುತ್ತದೆ. ಪ್ರತಿ ಅರ್ಧದ ನಡುವಿನ ಲಿಂಕನ್ನೂ ತೆಗೆದರೆ 48 ವೋಲ್ಟಿನ ನಾಲ್ಕು ತುಂಡು. ತುದಿಯಿಂದ ಬಿಚ್ಚುತ್ತಾ ಬರುವವರಿಗೆ ಈ ಅನುಕೂಲ ಸಿಗುವುದಿಲ್ಲ. ಬಿಚ್ಚಿದ ಪ್ರತಿಯೊಂದು ತುದಿಗೂ ಕೂಡಲೇ ರಬ್ಬರ್ ಮುಚ್ಚಳ ಹಾಕಿ.

ಹೊಸದನ್ನು ಕೂರಿಸಿ ಮರುಜೋಡಿಸುವಾಗ ನಡುವಿನ ಲಿಂಕ್ ಕೊನೆಯದಾಗಿರಲಿ. ಅದಕ್ಕೆ ಮುನ್ನ ಎರಡೂ ಅರ್ಧಗಳನ್ನು ಮೀಟರಿನಿಂದ ಅಳೆಯಿರಿ. ತುಂಬಿದ ಬ್ಯಾಟರಿಗಳಾದರೆ ನೂರರ ಆಸುಪಾಸು ಬರುತ್ತದೆ. ಒಂದು ಕಡೆ ಸುಮಾರು 25 ವೋಲ್ಟ್ ಕಡಿಮೆ ಕಂಡರೆ ಅಲ್ಲೊಂದು ಬ್ಯಾಟರಿ ಪ್ಲಸ್ಸು ಮೈನಸ್ಸು ಅದಲುಬದಲಾಗಿ ಕೂತಿರಬಹುದು. ಅದನ್ನು ಪತ್ತೆಮಾಡಿ ಸರಿಪಡಿಸಿದ ಮೇಲೆಯೇ ಲಿಂಕ್ ಬಿಗಿದು, ಯುಪಿಎಸ್ ತಯಾರಕರು ಹೇಳಿದ ಕ್ರಮದಲ್ಲಿ ವಿದ್ಯುತ್ತನ್ನು ಹಿಡಿದಿಡುವ ಒಳಗಿನ ಕೆಪಾಸಿಟರುಗಳು ಚಾರ್ಜ್ ಆದ ಬಳಿಕ ಬ್ರೇಕರ್ ಹಾಕಿ.