ಎಂಟು ಕಾಲಿನ ಬಳಗ

ವಿಜಯಪುರದಲ್ಲಿ ಮ್ಯೂಸಿಯಂ ಅಂದರೆ ಗೋಳಗುಮ್ಮಟದ ಮುಂದಿನ ನಗಾರಖಾನೆಯದೇ ನೆನಪಾಗುವುದು. ನಾವು ಹೋಗಿದ್ದು ಅಲ್ಲಿಗಲ್ಲ, ಒಂದು ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗಕ್ಕೆ. ಕೀಟ, ಜೇಡ, ಚೇಳುಗಳನ್ನು ಜನರು ನೋಡಲಿ ಅಂತ ಇಟ್ಟಿದ್ದರು. ಮಗಳಿಗೆ ಏಳು ವರ್ಷ. ಬಚ್ಚಲಲ್ಲಿ ಜೇಡ ಕಂಡರೆ ಅರ್ಧ ಸ್ನಾನಕ್ಕೇ ಓಡಿಬರುವವಳು.

ಮೊದಲ ಹತ್ತು ನಿಮಿಷ ಕೆಡಿಸಿದ್ದು ನಾನೇ. ಒಂದೊಂದೇ ಚೀಟಿ ಜೋರಾಗಿ ಓದುತ್ತಾ ಹೋದೆ. ಲ್ಯಾಟಿನ್ ಹೆಸರುಗಳಿಗೆ ನನ್ನ ನಾಲಿಗೆಯೇ ಹೊರಳಲಿಲ್ಲ. ಅವಳು ಮೇಲೆ ತಿರುಗುವ ಫ್ಯಾನ್ ನೋಡತೊಡಗಿದಳು. ಓದುವುದು ಬಿಟ್ಟು ಒಂದೇ ಕೆಲಸ ಹೇಳಿದೆ. "ಕಾಲು ಎಣಸು. ಆರಿದ್ರ ಕೀಟ, ಎಂಟಿದ್ರ ಜೇಡನ ಬಳಗ."

ಮಿಡತೆ ಆರು. ಜೀರುಂಡೆ ಆರು. ಚೇಳಿನ ಹತ್ತಿರ ಗಾಡಿ ನಿಂತಿತು. "ಹತ್ತು ಅದಾವಪ್ಪಾ!" ಮುಂದಿನ ಇಕ್ಕಳದಂಥವು ಕಾಲಲ್ಲ, ಬೇಟೆ ಹಿಡಿಯುವ ಕೈ ಅಂದೆ. ಅಲ್ಲಿದ್ದ ವಿದ್ಯಾರ್ಥಿ ಖೋಟಾ ನೋಟು ನೋಡುವಂಥ ನೇರಳೆ ಟಾರ್ಚ್ ಬಿಟ್ಟ. ಸತ್ತ ಚೇಳು ಹಸಿರಾಗಿ ಹೊಳೆಯಿತು. ಮಗಳಿಗಿಂತ ಜಾಸ್ತಿ ಬೆರಗಾದವನು ನಾನು.

ಪೆಟ್ಟಿಗೆಗಳೆಲ್ಲ ದೊಡ್ಡವರ ಎದೆಮಟ್ಟಕ್ಕಿದ್ದವು. ಎತ್ತಿ ಎತ್ತಿ ನನ್ನ ಸೊಂಟ ಹಿಡಿಯಿತು. ಹೋಗುವವರು ಕೇಳಿ ಒಂದು ಸ್ಟೂಲ್ ಇಸಿದುಕೊಳ್ಳಿ.

ಆಮೇಲೆ ಜೇಡ. ಅಂಗೈಯಷ್ಟಿತ್ತು. ನನ್ನ ಕೊರಳು ಬಿಗಿಯಾಗಿ ಹಿಡಿದಳು, ಆದರೂ ಎಣಿಸಿದಳು. ಏಳು. ಮತ್ತೆ ಎಣಿಸಿದಳು. ಏಳೇ. "ಇದು ಯಾರ ಬಳಗಾನೂ ಅಲ್ಲ" ಅಂತ ಗಾಜಿಗೆ ಮೂಗು ಒತ್ತಿದಳು. ನಾನೂ ಬಗ್ಗಿ ಹುಡುಕಿದೆ. ಎಂಟನೆಯದು ಪೆಟ್ಟಿಗೆಯ ಮೂಲೆಯಲ್ಲಿ, ಡಾಂಬರ್ ಗುಳಿಗೆಯ ಪಕ್ಕ, ಒಣ ಕಡ್ಡಿಯ ಹಾಗೆ ಬಿದ್ದಿತ್ತು. ಒಣಗಿದ ಮೇಲೆ ಅವುಗಳ ಕಾಲು ತುಸು ತಾಗಿದರೂ ಸಾಕು, ಮುರಿಯುತ್ತದೆ. ಮೊದಲು ಕಂಡುಹಿಡಿದವಳು ಅವಳೇ. ಜೇಡದ ಮುಖಕ್ಕೆ ಮುಖ ಕೊಟ್ಟು ಅಷ್ಟು ಹೊತ್ತು ಇದ್ದದ್ದು ಅವಳಿಗೆ ಗೊತ್ತೇ ಆಗಲಿಲ್ಲ. ನಾನೂ ಸುಮ್ನೆ ಇದ್ದೆ. ನೆನಪಿಸಿದ್ದರೆ ಕೆಡುತ್ತಿತ್ತು, ಅಲ್ವಾ?

ಮುಂದಿನ ವಾರ ಹಳ್ಳಿಗೆ ಹೋದಾಗ ನಮ್ಮಪ್ಪ ಎಮ್ಮೆಯ ಕಿವಿಯಿಂದ ಉಣ್ಣಿ ಕೀಳುತ್ತಿದ್ದ. ಒಂದನ್ನು ಬೆಂಕಿಪೊಟ್ಟಣಕ್ಕೆ ಹಾಕಿಸಿಕೊಂಡು ಭೂತಗನ್ನಡಿ ಹಿಡಿದು ಕೂತಳು. "ಅಜ್ಜಾ, ಎಂಟು! ಉಣ್ಣಿನೂ ಜೇಡನ ಬಳಗ!"

"ಯಾರ ಬಳಗರೆ ಆಗ್ಲಿ, ಒಳಗ ತರಬ್ಯಾಡವ್ವಾ."

ಮೊಟ್ಟೆಯಿಂದ ಆಗಷ್ಟೇ ಬಂದ ಉಣ್ಣಿಮರಿಗೆ ಆರೇ ಕಾಲು. ಅದನ್ನು ಅವಳಿಗೆ ನಾನಿನ್ನೂ ಹೇಳಿಲ್ಲ.